ಶನಿವಾರ ಮಕ್ಕಳ ತೂಕ, ಎತ್ತರ ತಪಾಸಣೆ

ಎಲ್ಲ ಪಾಲಕರಿಗೆ ನಮಸ್ಕಾರ. ಈ ಶನಿವಾರ ಬೆಳಿಗ್ಗೆ 9ಕ್ಕೆ ನಮ್ಮ ಧಾರವಾಡ ಶಾಲೆಯಲ್ಲಿ 6, 7ನೇ ತರಗತಿ ಮಕ್ಕಳ ತೂಕ, ಎತ್ತರ ನೋಡುತ್ತಾರೆ. ಹೋದ ಸಲ ಎಲ್ಲರ ಮುಂದೆ ತೂಕ ಕೂಗಿ ಹೇಳಿದ್ದರು. ಆಮೇಲೆ ನನ್ನ ಮಗಳು ಊಟದ ಡಬ್ಬಿ ಹಾಗೇ ವಾಪಸ್ ತರುತ್ತಿದ್ದಳು. ಈ ಸಲ ಒಬ್ಬೊಬ್ಬರನ್ನೇ ಒಳಗೆ ಕರೆದು, ಚೀಟಿ ಲಕೋಟೆಯಲ್ಲಿ ಕೊಡಲು ಅಕ್ಕೋರು (ಟೀಚರ್) ಒಪ್ಪಿದ್ದಾರೆ.

ಚೀಟಿಯ ಫೋಟೋ ಈ ಗ್ರೂಪ್‌ನಲ್ಲಿ ಹಾಕಬೇಡಿ. ದೊಡ್ಡವರ ಬಿಎಂಐ (ಎತ್ತರಕ್ಕೆ ತಕ್ಕ ತೂಕ ಇದೆಯಾ ಅಂತ ನೋಡುವ) ಲೆಕ್ಕ ಮಕ್ಕಳಿಗೆ ಹೊಂದಲ್ಲ. ವಯಸ್ಸು, ಗಂಡೋ ಹೆಣ್ಣೋ ನೋಡಿ ಬೆಳವಣಿಗೆ ಚಾರ್ಟ್‌ನಲ್ಲಿ ಅಳೆಯಬೇಕು. ಈ ವಯಸ್ಸಿನಲ್ಲಿ ಮೈ ತುಂಬಿಕೊಳ್ಳುವುದು ಸಹಜ ಅಲ್ವಾ? ಸಂಶಯವಿದ್ದರೆ ಮಕ್ಕಳ ಡಾಕ್ಟರಿಗೆ ತೋರಿಸಿ, ಸುಮ್ನೆ ರೊಟ್ಟಿ ಕಡಿಮೆ ಮಾಡಬೇಡಿ. ‘ಡುಮ್ಮಿ’, ‘ಕಡ್ಡಿ’ ಅಂತ ಕರೆಯೋದು ಬೇಡ. ಅಜ್ಜಿಯರಿಗೂ ಹೇಳಿ (ಅದೇ ಕಷ್ಟ!).

ತಪಾಸಣೆ ಬೇಡ ಅನ್ನುವವರು ಗುರುವಾರದೊಳಗೆ ನನಗೊಬ್ಬಳಿಗೇ ಮೆಸೇಜ್ ಮಾಡಿ.