ಬ್ರ್ಯಾಂಡ್ ನಿಂತ ಬೈಕು: ಮಾರುವ ಮೊದಲು ಬಿಡಿಭಾಗ ನೋಡಿ

ಸಂಪಾದಕರಿಗೆ,

ಮಾನ್ಯರೇ,

ಯಾವುದೋ ಬೈಕ್ ಬ್ರ್ಯಾಂಡ್ ನಿಲ್ಲುತ್ತದಂತೆ ಎಂಬ ಸುದ್ದಿ ಬಂದರೆ ಸಾಕು, ಕಾಸರಗೋಡು, ಕುಂಬಳೆ, ಉಪ್ಪಳದ ವರ್ಕ್‌ಶಾಪ್‌ಗಳಲ್ಲಿ ಎರಡು ತರದ ಮಾತು ಶುರುವಾಗುತ್ತದೆ. "ಇನ್ನು ಸಾಮಾನು ಸಿಕ್ಕುವುದಿಲ್ಲ, ಬಂದಷ್ಟಕ್ಕೆ ಕೊಟ್ಟುಬಿಡುವ" ಎನ್ನುವವರು ಕೆಲವರು. "ಈಗ ತೆಗೆದಿಟ್ಟರೆ ಮುಂದೆ ಆರ್‌ಎಕ್ಸ್ ಹಂಡ್ರೆಡ್‌ನ ರೇಟು ಬರುತ್ತದೆ" ಎನ್ನುವವರು ಇನ್ನು ಕೆಲವರು. ಇಬ್ಬರ ಕಣ್ಣೂ ಟ್ಯಾಂಕಿನ ಮೇಲಿನ ಹೆಸರಿನ ಮೇಲೆಯೇ. ಒಳಗಿನ ಸಾಮಾನು ಯಾರು ಮಾಡುತ್ತಾರೆ, ಎಲ್ಲಿಂದ ಬರುತ್ತದೆ ಎಂದು ಕೇಳುವವರು ಕಡಿಮೆ.

ಯೆಜ್ಡಿ ಬೈಕು ಮಾಡುತ್ತಿದ್ದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು. ಯಮಹಾ ಆರ್‌ಎಕ್ಸ್ 100ರ ಉತ್ಪಾದನೆ ನಿಂತದ್ದೂ ಅದೇ ವರ್ಷ. ಯೆಜ್ಡಿಯೂ ಆರ್‌ಎಕ್ಸೂ ಇವತ್ತಿಗೂ ರಸ್ತೆಯಲ್ಲಿವೆ. ಅಭಿಮಾನಿಗಳು ಉಳಿಸಿಕೊಂಡರು ಎನ್ನುವುದು ಅರ್ಧ ಸತ್ಯ. ಆ ಎಂಜಿನ್‌ಗಳಲ್ಲಿ ಲೇತಿಗೆ, ಬೋರಿಂಗ್ ಮೆಷಿನ್‌ಗೆ ಬಗ್ಗದ ಕೆಲಸ ಬಹಳ ಕಡಿಮೆ, ಅದಕ್ಕೇ ಅವು ಉಳಿದವು.

ಬೇರಿಂಗನ್ನೇ ತೆಗೆದುಕೊಳ್ಳಿ. ಅದನ್ನು ಬೈಕಿನ ಕಂಪನಿ ಮಾಡುವುದಿಲ್ಲ. ಮೇಲೆ 6204 ಎಂದು ಕೊರೆದಿದ್ದರೆ ಒಳವ್ಯಾಸ 20 ಮಿ.ಮೀ., ಹೊರವ್ಯಾಸ 47, ಅಗಲ 14. ಪ್ರಪಂಚದ ಯಾವ ಅಂಗಡಿಯಲ್ಲಿ ಕೇಳಿದರೂ ಅಷ್ಟೇ. ಹಾಗಾಗಿ "ಯೆಜ್ಡಿಯ ಬೇರಿಂಗ್ ಉಂಟಾ" ಎಂದು ಅಲೆಯುವ ಬದಲು ಹಳೆಯದನ್ನು ಒರೆಸಿ ನಂಬರು ಬರೆದುಕೊಂಡು ಹೋದರೆ ಮಂಗಳೂರಿನ ಬೇರಿಂಗ್ ಅಂಗಡಿಯಲ್ಲಿ ಮುಗಿಯುವ ಕೆಲಸ. ನಂಬರಿನ ಪಕ್ಕದಲ್ಲಿ ಸಿ3 ಎಂದಿದ್ದರೆ ಅದನ್ನು ಮಾತ್ರ ಬಿಡಬೇಡಿ. ಕ್ರ್ಯಾಂಕಿನ (ಪಿಸ್ಟನ್ ತಿರುಗಿಸುವ ದಂಡದ) ಬೇರಿಂಗ್ ಬಿಸಿಗೆ ಹಿಗ್ಗುತ್ತದೆ, ಅದಕ್ಕೆಂದು ಒಳಗೆ ಸ್ವಲ್ಪ ಹೆಚ್ಚು ಸಡಿಲ ಇಟ್ಟಿರುತ್ತಾರೆ. ಅಲ್ಲಿ ಸಾಧಾರಣ ಬೇರಿಂಗ್ ಕೂರಿಸಿದರೆ ಎಂಜಿನ್ ಕಾದ ಮೇಲೆ ಬಿಗಿ ಹಿಡಿಯುತ್ತದೆ, ಆಮೇಲೆ ಬೈಗುಳ ಮೆಕ್ಯಾನಿಕ್‌ಗೆ. ಆಯಿಲ್ ಸೋರದಂತೆ ತಡೆಯುವ ರಬ್ಬರಿನ ಬಳೆ, ಅಂದರೆ ಆಯಿಲ್ ಸೀಲಿನ ಕಥೆಯೂ ಇದೇ: ಒಳವ್ಯಾಸ, ಹೊರವ್ಯಾಸ, ದಪ್ಪ, ಈ ಮೂರು ಅಳತೆ ಹೆಚ್ಚಾಗಿ ಅದರ ಮೇಲೆಯೇ ಅಚ್ಚಾಗಿರುತ್ತದೆ.

ಪಿಸ್ಟನ್ ವಿಷಯದಲ್ಲಿ ಮಾತ್ರ ಮುಂಜಾಗ್ರತೆ ಬೇಕು. ಆರ್‌ಎಕ್ಸ್ 100ರ ಬೋರ್, ಅಂದರೆ ಸಿಲಿಂಡರಿನ ಒಳವ್ಯಾಸ, 50 ಮಿ.ಮೀ. ಸವೆದಂತೆ 0.25, 0.50, 0.75, 1.00 ಮಿ.ಮೀ. ಎಂದು ದೊಡ್ಡದಾದ (ಓವರ್‌ಸೈಜ್) ಪಿಸ್ಟನ್ ಹಾಕುತ್ತಾ ಹೋಗುತ್ತಾರೆ. ಅದು ಮುಗಿದರೆ ಹೊಸ ಸ್ಲೀವ್, ಅಂದರೆ ಸಿಲಿಂಡರಿನ ಒಳಗಿನ ಕೊಳವೆ. ಮಾಲು ಕಡಿಮೆಯಿರುವ ಗಾಡಿಗಳಲ್ಲಿ ಎಲ್ಲ ಸೈಜೂ ಸಿಗುವುದಿಲ್ಲ. ಆದ್ದರಿಂದ ಪಿಸ್ಟನ್ ಕೈಗೆ ಬಂದ ಮೇಲೆಯೇ ಸಿಲಿಂಡರನ್ನು ಬೋರಿಂಗಿಗೆ ಕೊಡಬೇಕು, ಬೋರಿಂಗಿನವರು ಆ ಪಿಸ್ಟನನ್ನೇ ಮೈಕ್ರೋಮೀಟರಿನಲ್ಲಿ ಅಳೆದು ಕೊರೆಯಬೇಕು. ಮೊದಲು ಕೊರೆಸಿ ಆಮೇಲೆ ಪಿಸ್ಟನ್ ಹುಡುಕಿದವರ ಸಿಲಿಂಡರುಗಳು ಗುಜರಿಯಲ್ಲಿ ಬೇಕಾದಷ್ಟಿವೆ. ಯೆಜ್ಡಿ, ಆರ್‌ಎಕ್ಸ್‌ನಂಥ ಟೂ ಸ್ಟ್ರೋಕಿನಲ್ಲಿ ಇನ್ನೊಂದು ಕೆಲಸವುಂಟು: ಬೋರ್ ಆದ ಮೇಲೆ ಸಿಲಿಂಡರ್ ಗೋಡೆಯ ಕಿಂಡಿಗಳ (ಪೋರ್ಟ್‌ಗಳ) ಅಂಚು ಬ್ಲೇಡಿನಷ್ಟು ಹರಿತವಾಗಿರುತ್ತದೆ, ಅದನ್ನು ಸಣ್ಣ ಅರದಲ್ಲಿ ಉಜ್ಜಿ ಮೊಂಡು ಮಾಡಬೇಕು. ಮಾಡದಿದ್ದರೆ ಪಿಸ್ಟನ್ ರಿಂಗ್ ಅಲ್ಲಿ ಸಿಕ್ಕಿ ತುಂಡಾಗುತ್ತದೆ. "ಡೂಪ್ಲಿಕೇಟ್ ಪಿಸ್ಟನ್, ಅದಕ್ಕೇ ಹೋಯಿತು" ಎಂಬ ದೂರುಗಳಲ್ಲಿ ಎಷ್ಟೋ ಈ ಅಂಚಿನ ತಪ್ಪು.

ಟೂ ಸ್ಟ್ರೋಕಿನ ಕ್ರ್ಯಾಂಕ್ ಸೀಲ್ ಹೋದರೂ ಜನ ಎಂಜಿನ್ನೇ ಹೋಯಿತೆಂದು ಮಾರುತ್ತಾರೆ. ಕ್ಲಚ್ ಕಡೆಯ ಸೀಲ್ ಹೋದರೆ ಗೇರ್ ಆಯಿಲ್ ಒಳಗೆ ಎಳೆದು ಬಿಳಿ ಹೊಗೆ ನಿಲ್ಲುವುದೇ ಇಲ್ಲ, ಆಯಿಲ್ ಮಟ್ಟ ಇಳಿಯುತ್ತಾ ಹೋಗುತ್ತದೆ. ಇನ್ನೊಂದು ಕಡೆಯದು ಹೋದರೆ ಗಾಳಿ ಎಳೆದು, ಆಕ್ಸಿಲರೇಟರ್ ಬಿಟ್ಟರೂ ಎಂಜಿನ್ ಕೂಗು ಇಳಿಯುವುದಿಲ್ಲ. ಹಾಗೇ ಓಡಿಸಿದರೆ ಪಿಸ್ಟನ್ ಹಿಡಿಯುತ್ತದೆ. ಎರಡಕ್ಕೂ ಮದ್ದು ಬರೀ ಸೀಲ್.

ಸುದ್ದಿ ಕೇಳಿ ಸಾಮಾನು ರಾಶಿ ಹಾಕುವವರಿಗೆ ಒಂದು ಮಾತು. ಮುಂದಿನ ಸೈಜಿನ ಪಿಸ್ಟನ್ ಕಿಟ್ ಒಂದು, ಕ್ಲಚ್ ಪ್ಲೇಟ್ ಒಂದು ಸೆಟ್, ಸಿಡಿಐ (ಪ್ಲಗ್ಗಿಗೆ ಕಿಡಿ ಕೊಡುವ ಎಲೆಕ್ಟ್ರಾನಿಕ್ ಪೆಟ್ಟಿಗೆ) ಇದ್ದರೆ ಒಂದು, ಕೇಬಲ್‌ಗಳು. ಇಷ್ಟು ಸಾಕು. ರಬ್ಬರಿನ ಸಾಮಾನು ಕೂಡಿಡಬೇಡಿ, ಡಬ್ಬಿಯಲ್ಲಿದ್ದರೂ ಗಟ್ಟಿಯಾಗುತ್ತದೆ. ಕಬ್ಬಿಣದ್ದಕ್ಕೆ ಎಣ್ಣೆ ಹಚ್ಚಿ ಪ್ಲಾಸ್ಟಿಕ್ಕಿನಲ್ಲಿ ಸುತ್ತಿಡಿ. ನಮ್ಮ ಕಡಲ ಗಾಳಿಗೂ ಆಟಿ ತಿಂಗಳ ತೇವಕ್ಕೂ ಒಂದು ಮಳೆಗಾಲ ಕಳೆಯುವಾಗ ಹೊಸ ರಿಂಗಿನ ಮೇಲೂ ತುಕ್ಕು ಕೂರುತ್ತದೆ.

ಗಾಡಿಯನ್ನೇ ಮಳೆಗಾಲವಿಡೀ ಶೆಡ್ಡಿನಲ್ಲಿಡುವವರು ಈಗಿನ ಪೆಟ್ರೋಲಿನ ಬಗ್ಗೆ ತಿಳಿದಿರಬೇಕು. ಶೇ. 20 ಎಥನಾಲ್ ಬೆರೆತ ಪೆಟ್ರೋಲ್ ಗಾಳಿಯ ತೇವ ಹೀರುತ್ತದೆ. ಹೀರಿದ್ದು ಹೆಚ್ಚಾದರೆ ಎಥನಾಲೂ ನೀರೂ ಸೇರಿ ಬೇರೆಯಾಗಿ ಟ್ಯಾಂಕಿನ ತಳಕ್ಕೆ ಇಳಿಯುತ್ತವೆ, ಟ್ಯಾಪಿಗೆ ಮೊದಲು ಬರುವುದು ಅದೇ. ಯೆಜ್ಡಿಯಂತೆ ಪೆಟ್ರೋಲಿಗೇ ಆಯಿಲ್ ಬೆರೆಸುವ ಗಾಡಿಯಲ್ಲಿ ಇದು ಇನ್ನೂ ಅಪಾಯ, ಏಕೆಂದರೆ ಆಯಿಲ್ ಮೇಲಿನ ಪೆಟ್ರೋಲಿನಲ್ಲೇ ಉಳಿಯುತ್ತದೆ, ತಳದ ದ್ರವದಲ್ಲಿ ಜಾರಿಕೆಯೇ ಇರುವುದಿಲ್ಲ. ಟ್ಯಾಪ್ ಬಂದ್ ಮಾಡಿ, ಕಾರ್ಬೊರೇಟರಿನ ಬೌಲ್ ಖಾಲಿ ಮಾಡಿಯೇ ನಿಲ್ಲಿಸಬೇಕು. ಪೆಟ್ರೋಲ್ ಹಾಯುವ ಸಣ್ಣ ತೂತಿನಲ್ಲಿ (ಜೆಟ್‌ನಲ್ಲಿ) ಬಿಳಿ ಪುಡಿ ಕಟ್ಟುವುದೂ ಇದರಿಂದ ತಪ್ಪುತ್ತದೆ.

ಇಷ್ಟೆಲ್ಲ ಹೇಳಿದ್ದು ಹಳೆಯ ಗಾಡಿಗಳಿಗೆ. ಈಗ ನಿಲ್ಲುವ ಬ್ರ್ಯಾಂಡಿಗೆ ಇದೇ ಧೈರ್ಯ ಹೇಳಲಾಗದು. 2019ರ ಏಪ್ರಿಲ್‌ನಿಂದ 125 ಸಿಸಿಗಿಂತ ದೊಡ್ಡ ಬೈಕುಗಳಿಗೆಲ್ಲ ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ಕಡ್ಡಾಯ. 2020ರ ಏಪ್ರಿಲ್‌ನಿಂದ ಹೊಗೆ ಮಿತಿಯ ಬಿಎಸ್ 6 ನಿಯಮ, ಅದರೊಂದಿಗೆ ಹೆಚ್ಚಿನವಕ್ಕೆ ಫ್ಯುಯೆಲ್ ಇಂಜೆಕ್ಷನ್. ಇಸಿಯು (ಎಂಜಿನ್ನಿನ ಕಂಪ್ಯೂಟರ್), ಎಬಿಎಸ್ ಮಾಡ್ಯೂಲ್, ಡಿಜಿಟಲ್ ಮೀಟರ್ ಯಾವ ಲೇತಿನಲ್ಲೂ ಆಗುವುದಿಲ್ಲ. ಇಂಥ ಗಾಡಿ ಇದ್ದವರು ಗಾಬರಿ ಬಿಟ್ಟು ಮೊದಲು ಮಾಡಬೇಕಾದ್ದು: ಕಂಪನಿಯ ಸರ್ವಿಸ್ ತೆರೆದಿರುವಾಗಲೇ ಸ್ಕ್ಯಾನರ್ ಹಾಕಿಸಿ ಹಳೆಯ ದೋಷಗಳನ್ನು ಸರಿಪಡಿಸಿಕೊಳ್ಳುವುದು, ಎರಡನೇ ಕೀಲಿ ಪಡೆದಿಡುವುದು, ಪಾರ್ಟ್ಸ್ ಕ್ಯಾಟಲಾಗ್ ಮತ್ತು ವೈರಿಂಗ್ ನಕ್ಷೆ ಕೇಳಿ ತೆಗೆದುಕೊಳ್ಳುವುದು. ಸೆನ್ಸರ್, ಇಂಜೆಕ್ಟರ್, ಪೆಟ್ರೋಲ್ ಪಂಪಿನ ಮೇಲಿನ ಚೀಟಿಯ ಫೋಟೊ ತೆಗೆದಿಡಿ. ಅವನ್ನು ಮಾಡುವುದು ಬಾಷ್‌ನಂಥ ಬೇರೆ ಕಂಪನಿಗಳು, ಅದೇ ಸೆನ್ಸರ್ ಇನ್ನೊಂದು ಬ್ರ್ಯಾಂಡಿನ ಬೈಕಿನಲ್ಲೂ ಇರಬಹುದು. ಇಸಿಯುಗೆ ಮಾತ್ರ ಈ ಲೆಕ್ಕ ಇಲ್ಲ. ಪೆಟ್ಟಿಗೆ ಒಂದೇ ಆದರೂ ಒಳಗಿನ ಪ್ರೋಗ್ರಾಂ ಬೇರೆ. ಬ್ರೇಕ್ ಆಯಿಲನ್ನು ಎರಡು ವರ್ಷಕ್ಕೊಮ್ಮೆ ಬದಲಿಸಲೇಬೇಕು. ಅದು ಹೀರಿದ ತೇವ ಎಬಿಎಸ್ ವಾಲ್ವುಗಳನ್ನು ತಿನ್ನುತ್ತದೆ. ನೂರಿನ್ನೂರು ರೂಪಾಯಿಯ ಆಯಿಲಿಗೆ ಜಿಪುಣತನ ಮಾಡಿ ಇಡೀ ಮಾಡ್ಯೂಲ್ ಕಳೆದುಕೊಂಡರೆ, ಬ್ರ್ಯಾಂಡ್ ಇಲ್ಲದ ಕಾಲದಲ್ಲಿ ಗಾಡಿಯೇ ಹೋದಂತೆ.

ಹೊರಟುಹೋಗುವುದರಲ್ಲೂ ಎರಡು ವಿಧ. ಹಾರ್ಲೆ ಡೇವಿಡ್‌ಸನ್ 2020ರ ಸೆಪ್ಟೆಂಬರಿನಲ್ಲಿ ಇಲ್ಲಿನ ಕಾರ್ಖಾನೆ ಮುಚ್ಚುವುದಾಗಿ ಹೇಳಿತು, ಮುಂದಿನ ತಿಂಗಳೇ ಮಾರಾಟ, ಸರ್ವಿಸ್, ಬಿಡಿಭಾಗದ ಹೊಣೆಯನ್ನು ಹೀರೊ ಕಂಪನಿಗೆ ವಹಿಸುವ ಒಪ್ಪಂದವಾಯಿತು. ನಡುವಿನ ಆ ಕೆಲವು ವಾರಗಳಲ್ಲಿ ಹೆದರಿ ಮಾರಿದವರಿಗೆ ನಷ್ಟ. 2016ರಲ್ಲಿ ಬಂದ ಯುಎಂ ಬೈಕುಗಳು ಮೂರ್ನಾಲ್ಕು ವರ್ಷದಲ್ಲೇ ಮಾರುಕಟ್ಟೆಯಿಂದ ಮರೆಯಾದಾಗ ಕೊಂಡವರ ಕೈ ಹಿಡಿಯಲು ಹೀಗೆ ಯಾರೂ ಬರಲಿಲ್ಲ. ಗಾಡಿ ಮಾರುವುದೋ ಇಟ್ಟುಕೊಳ್ಳುವುದೋ ಎಂಬುದು, ಕಂಪನಿ ಹೋದ ಮೇಲೆ ಸರ್ವಿಸ್, ಬಿಡಿಭಾಗದ ಹೊಣೆ ಯಾರದು ಎಂಬ ಒಂದು ಪ್ರಶ್ನೆಯ ಉತ್ತರದ ಮೇಲೆ ನಿಂತಿದೆ. ಕಾಸರಗೋಡಿನವರಿಗಂತೂ ದುಬಾರಿ ಬೈಕಿನ ಸರ್ವಿಸ್ ಎಂದರೆ ಮೊದಲೇ ಮಂಗಳೂರು, ಇಲ್ಲವೇ ಕಣ್ಣೂರು.

ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆ 2022ರಲ್ಲಿ ರಿಪೇರಿ ಹಕ್ಕಿನ ಪೋರ್ಟಲ್ ತೆರೆದಿದೆ, ವಾಹನಗಳೂ ಅದರಲ್ಲಿ ಸೇರಿವೆ. ಅಷ್ಟಕ್ಕೆ ನಿಲ್ಲದೆ, ಮಾದರಿ ನಿಂತ ಮೇಲೆ ಎಷ್ಟು ವರ್ಷ ಬಿಡಿಭಾಗ ಕೊಡುತ್ತೇವೆಂದು ಬಿಲ್ಲಿನಲ್ಲೇ ಅಚ್ಚು ಹಾಕುವಂತೆ ಕಾನೂನು ತರಲಿ. ದೇಶ ಬಿಟ್ಟು ಹೋಗುವ ಕಂಪನಿ ವೈರಿಂಗ್ ನಕ್ಷೆಯನ್ನೂ ಸ್ಕ್ಯಾನರಿನ ಸಾಫ್ಟ್‌ವೇರನ್ನೂ ಹೊರಗಿನ ಮೆಕ್ಯಾನಿಕ್‌ಗಳಿಗೆ ಬಿಟ್ಟುಕೊಡಲಿ. ನಮ್ಮ ಜಿಲ್ಲೆಯ ಜನಪ್ರತಿನಿಧಿಗಳು ಇದನ್ನು ಎತ್ತಬಹುದು.

ಇನ್ನು, ನಿಂತುಹೋದ ಗಾಡಿಯನ್ನು ಆಸೆಪಟ್ಟು ತಲಪಾಡಿ ಗಡಿಯಾಚೆಯ ಕರ್ನಾಟಕದಿಂದ ತರುವವರು ಕಾಗದಪತ್ರ ಮೊದಲು ನೋಡಲಿ. ಕೆಎ 19 ಅಥವಾ ಕೆಎ 21 ನಂಬರಿನದ್ದಾದರೆ ಅಲ್ಲಿನ ಆರ್‌ಟಿಒದಿಂದ ಫಾರಂ 28ರ ಎನ್‌ಒಸಿ ಬೇಕು, ಇಲ್ಲಿ 12 ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡರೆ ಫಾರಂ 27ರಲ್ಲಿ ಕೇರಳದ ಕೆಎಲ್ ನಂಬರಿಗೆ ಅರ್ಜಿ ಹಾಕಬೇಕು. 15 ವರ್ಷ ಕಳೆದ ಆರ್‌ಸಿ ನವೀಕರಣವಾಗಿದೆಯೇ ಎಂದು ನೋಡಿಯೇ ಮುಂಗಡ ಕೊಡಿ. ಆರ್‌ಎಕ್ಸ್ 100 ಎಂದು ಮಾರುವ ಗಾಡಿಯಲ್ಲಿ ಆರ್‌ಎಕ್ಸ್ 135ರ ಎಂಜಿನ್ ಕೂರಿಸಿರುವುದುಂಟು. ಎಂಜಿನ್ ನಂಬರು, ಚಾಸಿ ನಂಬರು ಎರಡನ್ನೂ ಟಾರ್ಚ್ ಹಿಡಿದು ಆರ್‌ಸಿಯೊಂದಿಗೆ ಹೋಲಿಸಿ. ನಂಬರಿನ ಜಾಗದಲ್ಲಿ ಗ್ರೈಂಡರ್ ಹಿಡಿದ ಗುರುತೋ ಹೊಸ ಪೇಂಟಿನ ತೇಪೆಯೋ ಕಂಡರೆ ರೇಟು ಎಷ್ಟು ಇಳಿಸಿದರೂ ಬೇಡ.

ಇತಿ,
ದ್ವಿಚಕ್ರ ವಾಹನ ರಿಪೇರಿಯ ಓದುಗರು, ಬದಿಯಡ್ಕ