ಲ್ಯಾಪ್‌ಟಾಪ್ ಕೊಳ್ಳಲಿರುವ ಮಗಳಿಗೊಂದು ಪತ್ರ

ದಾವಣಗೆರೆ

ಪ್ರೀತಿಯ ಮಗಳು ಸುಮಾಳಿಗೆ ಅಪ್ಪಾಜಿಯ ಆಶೀರ್ವಾದಗಳು.

ನಾವೆಲ್ಲರೂ ಇಲ್ಲಿ ಕ್ಷೇಮ. ಮೊನ್ನೆ ನೀನು ಫೋನಿನಲ್ಲಿ ಲ್ಯಾಪ್‌ಟಾಪಿನ ವಿಷಯ ಎತ್ತಿದಾಗ ನನ್ನ ಮೋಟರ್ ರಿಪೇರಿ ಅಂಗಡಿಯ ಮುಂದೆ ಇಬ್ಬರು ರೈತರು ಸುಟ್ಟುಹೋದ ಬೋರ್‌ವೆಲ್ ಮೋಟರನ್ನು ಇಳಿಸಿಕೊಂಡು ನಿಂತಿದ್ದರಿಂದ ಮಾತು ಅರ್ಧಕ್ಕೇ ನಿಂತಿತು. ಹುಬ್ಬಳ್ಳಿಯಲ್ಲಿ 38,000 ರೂಪಾಯಿಗೆ ಹೊಸದೊಂದು, 24,000ಕ್ಕೆ ಸೆಕೆಂಡ್ ಹ್ಯಾಂಡ್ ಒಂದು ನೋಡಿಟ್ಟಿದ್ದೀಯೆಂದು ತಿಳಿಸಿ, ಕೊನೆಗೆ "ಹಳೆಯದೇ ಸಾಕು ಅಪ್ಪಾಜಿ" ಎಂದೆ. ಆ 'ಸಾಕು' ಎಂಬ ಮಾತು ನನಗೆ ಹಿಡಿಸಲಿಲ್ಲ. ಹಾಸ್ಟೆಲಿನ ಹಣ ಕಟ್ಟಿದ ತಿಂಗಳೇ ಇದೂ ಬಂತಲ್ಲ ಎಂದು ನೀನು ನನ್ನ ಜೇಬಿನ ಲೆಕ್ಕ ಹಾಕಿದ್ದೀಯೆ. ಆ ಲೆಕ್ಕ ನನಗೆ ಬಿಡು. ಇದಕ್ಕೆಂದೇ 40,000 ತೆಗೆದಿಟ್ಟಿದ್ದೇನೆ. ಆದರೆ ಎರಡು ದಿನ ಯೋಚಿಸಿದ ಮೇಲೆ ನನಗೂ ಹಳೆಯದೇ ಸರಿ ಎನಿಸಿದೆ, ಕಾರಣ ಮಾತ್ರ ಬೇರೆ.

ನೀನು ಹೇಳಿದ ಹೊಸ ಯಂತ್ರದ ವಿವರಗಳನ್ನು ಓದಿದೆ. ಅದರ ಕೆಲಸದ ಮೆಮೊರಿಯಾದ 8 ಜಿಬಿ ರ‍್ಯಾಮ್ ಮದರ್‌ಬೋರ್ಡಿಗೇ ಬೆಸುಗೆಯಾಗಿದೆ, ಇನ್ನೊಂದನ್ನು ಸೇರಿಸಲು ಜಾಗವಿಲ್ಲ. ನಾಲ್ಕು ವರ್ಷ ಬಿ.ಇ. ಓದುವವಳಿಗೆ ಅದು ಮೂರನೆಯ ವರ್ಷಕ್ಕೇ ಇಕ್ಕಟ್ಟಾದೀತು. ಹಳೆಯದು ಬೆಂಗಳೂರಿನ ಕಂಪನಿಯೊಂದರಿಂದ ಬಂದದ್ದು ಎಂದೆಯಲ್ಲ, ಅದೇ ಅದರ ಬಲ. ಥಿಂಕ್‌ಪ್ಯಾಡ್, ಲ್ಯಾಟಿಟ್ಯೂಡ್, ಎಲೀಟ್‌ಬುಕ್ ಮುಂತಾದವುಗಳನ್ನು ಕಚೇರಿಗಳಿಗೆಂದೇ ಗಟ್ಟಿಯಾಗಿ ಮಾಡಿರುತ್ತಾರೆ. ಕಂಪನಿಗಳು ಮೂರು ನಾಲ್ಕು ವರ್ಷ ಬಳಸಿ ಒಟ್ಟಿಗೆ ಕೈಬಿಡುವುದರಿಂದ ಅವು ಅಗ್ಗವಾಗಿ ಮಾರುಕಟ್ಟೆಗೆ ಬರುತ್ತವೆ. ಇವುಗಳಲ್ಲಿ ಬಹುಪಾಲಿನ ತಳವನ್ನು ನಾಲ್ಕಾರು ಸ್ಕ್ರೂ ಬಿಚ್ಚಿ ತೆಗೆದು ಬ್ಯಾಟರಿ, ಕಡತಗಳನ್ನು ಇಡುವ ಎಸ್‌ಎಸ್‌ಡಿ, ಫ್ಯಾನ್ ಬದಲಾಯಿಸಬಹುದು. ಬಿಚ್ಚಲು ಬಾರದ ಯಂತ್ರವನ್ನು ನಾನು ಎಂದೂ ಮೆಚ್ಚಿದವನಲ್ಲ, ಅದು ನಿನಗೆ ಗೊತ್ತೇ ಇದೆ.

ಇನ್ನು ಸ್ಟಿಕ್ಕರಿನ ಮಾತು. 5 ಎಚ್‌ಪಿ ಎಂದು ನಾಮಫಲಕವಿರುವ ಮೋಟರಿನೊಳಗೆ ಯಾರೋ ಸಣ್ಣ ಗೇಜಿನ ತಂತಿ ಸುತ್ತಿ ಕೈತೊಳೆದುಕೊಂಡದ್ದನ್ನು ನಾನು ಎಷ್ಟೋ ಸಲ ಬಿಚ್ಚಿ ನೋಡಿದ್ದೇನೆ. ಲ್ಯಾಪ್‌ಟಾಪಿನ ಮೇಲಿನ 'ಕೋರ್ ಐ5' ಎಂಬ ಪ್ರೊಸೆಸರ್ ಹೆಸರಿನ ಸ್ಟಿಕ್ಕರಿಗೂ ಅಷ್ಟೇ ಬೆಲೆ, ಏಕೆಂದರೆ 2012ರದೂ ಐ5, 2020ರದೂ ಐ5. ಸಿಸ್ಟಮ್ ಮಾಹಿತಿಯನ್ನು ತೆರೆದು ಐ5ರ ಮುಂದಿನ ಸಂಖ್ಯೆಯನ್ನು ಓದು: 7200ಯು ಎಂದಿದ್ದರೆ ಏಳನೆಯ ತಲೆಮಾರು, 10310ಯು ಎಂದಿದ್ದರೆ ಹತ್ತನೆಯದು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಇಂಟೆಲ್ ಪ್ರೊಸೆಸರ್‌ನಲ್ಲಿ ಸಾಮಾನ್ಯವಾಗಿ ಎಂಟನೆಯ ತಲೆಮಾರಿನಿಂದ ಈಚಿನವನ್ನಷ್ಟೇ ಒಪ್ಪುತ್ತದೆ, ಜೊತೆಗೆ ಟಿಪಿಎಮ್ 2.0 ಎಂಬ ಭದ್ರತಾ ಚಿಪ್ ಕೇಳುತ್ತದೆ. ಆದ್ದರಿಂದ ಆರು ಏಳನೆಯ ತಲೆಮಾರಿನದನ್ನು ಎಷ್ಟೇ ಅಗ್ಗಕ್ಕೆ ಕೊಟ್ಟರೂ ಬೇಡ. ನಿನ್ನ ಗೆಳತಿಯಂತೆ ವಿಂಡೋಸ್ ಬದಲು ಲಿನಕ್ಸ್ ಹಾಕಿಕೊಳ್ಳುತ್ತೇನೆ ಎನ್ನುವುದಾದರೆ ಅದು ಬೇರೆ ಮಾತು. 16 ಜಿಬಿ ರ‍್ಯಾಮ್ ಮೊದಲೇ ಇರುವುದನ್ನೇ ಹುಡುಕು. ಈಗ ರ‍್ಯಾಮಿನ ಬೆಲೆ ಏರಿರುವುದರಿಂದ ಆಮೇಲೆ ಹಾಕಿಸಿದರಾಯಿತು ಎಂಬ ಉಪಾಯ ದುಬಾರಿಯಾದೀತು.

ಅಂಗಡಿಯ ಲೆಕ್ಕ ಬರೆಯಲು ಎರಡು ವರ್ಷದ ಹಿಂದೆ ನಾನು ಕೊಂಡಿದ್ದ ಹಳೆಯ ಲ್ಯಾಪ್‌ಟಾಪ್ ನಿನಗೆ ನೆನಪಿರಬೇಕು. ಒಂದು ತಿಂಗಳು ಚೆನ್ನಾಗಿಯೇ ನಡೆಯಿತು. ವಿಂಡೋಸ್ ರೀಸೆಟ್ ಮಾಡಿ ಇಂಟರ್ನೆಟ್ಟಿಗೆ ಜೋಡಿಸಿದ ಕೂಡಲೇ ಯಾವುದೋ ಕಂಪನಿಯ ಹೆಸರು ಪರದೆಯ ಮೇಲೆ ಮೂಡಿ, ಆ ಕಂಪನಿಯ ಇಮೇಲ್ ಮತ್ತು ಪಾಸ್‌ವರ್ಡ್ ಕೇಳುತ್ತ ಕುಳಿತುಬಿಟ್ಟಿತು. ಕಂಪನಿಯು ತನ್ನ ದಾಖಲೆಯಿಂದ ಆ ಯಂತ್ರವನ್ನು ಬಿಡುಗಡೆ ಮಾಡಿರಲಿಲ್ಲ. ಮಾರಿದವನು ಫೋನ್ ಎತ್ತಲಿಲ್ಲ. ಮೂವತ್ತು ವರ್ಷಗಳಿಂದ ಹಳೆಯ ಮೋಟರುಗಳ ನಡುವೆಯೇ ಬದುಕಿದ ನಾನು ಹಣ ಎಣಿಸಿಕೊಟ್ಟ ಮೇಲೆ ಪರೀಕ್ಷೆ ಮಾಡಿದೆನೆಂಬ ನಾಚಿಕೆ ಇನ್ನೂ ಹೋಗಿಲ್ಲ. ಹೀಗಾಗಿ ನೀನು ಮಾರುವವರ ಅಂಗಡಿಯಲ್ಲೇ ಕುಳಿತು, ನಿನ್ನ ಎದುರಿಗೇ ಪೂರ್ತಿ ರೀಸೆಟ್ ಮಾಡಿಸಿ, ನಿನ್ನ ಮೊಬೈಲಿನ ಹಾಟ್‌ಸ್ಪಾಟಿಗೆ ಜೋಡಿಸಿ, ವಿಂಡೋಸ್‌ನ ಡೆಸ್ಕ್‌ಟಾಪ್ ಪರದೆಯವರೆಗೆ ಬರುವುದನ್ನು ಕಣ್ಣಾರೆ ನೋಡು. ಗಂಟೆ ಹಿಡಿದರೂ ಏಳಬೇಡ. ಯಂತ್ರ ಆನ್ ಮಾಡಿದಾಗ ವಿಂಡೋಸ್‌ಗೂ ಮೊದಲು ಓಡುವ ಬಯೋಸ್‌ಗೆ ಪಾಸ್‌ವರ್ಡ್ ಇಲ್ಲವೆಂಬುದನ್ನೂ ಆಗಲೇ ತಿಳಿದುಕೊ.

ಬ್ಯಾಟರಿಯ ವಿಷಯದಲ್ಲಿ ಮಾರುವವರ "ಮೂರು ಗಂಟೆ ಬರುತ್ತದೆ" ಎಂಬ ಮಾತಿಗಿಂತ ವಿಂಡೋಸ್‌ನ ಬ್ಯಾಟರಿ ರಿಪೋರ್ಟ್ ನಂಬಿಕಸ್ಥ. ಕಮಾಂಡ್ ಪ್ರಾಂಪ್ಟಿನಿಂದ ಅದನ್ನು ತೆಗೆದು ಡಿಸೈನ್ ಕೆಪ್ಯಾಸಿಟಿಯನ್ನೂ ಫುಲ್ ಚಾರ್ಜ್ ಕೆಪ್ಯಾಸಿಟಿಯನ್ನೂ ಹೋಲಿಸು. ಹೊಸದರಲ್ಲಿ 50,000 ಮಿಲಿವ್ಯಾಟ್-ಅವರ್ ಇದ್ದದ್ದು ಈಗ 40,000 ಇದ್ದರೆ ಒಪ್ಪಬಹುದು. 25,000ಕ್ಕೆ ಇಳಿದಿದ್ದರೆ ಹೊಸ ಬ್ಯಾಟರಿಯ ಬೆಲೆಯನ್ನು ಅವರ ದರದಿಂದಲೇ ಕಳೆಯಿಸು. ಆಮೇಲೆ ಯಂತ್ರವನ್ನು ಸಮತಟ್ಟಾದ ಮೇಜಿನ ಮೇಲಿಟ್ಟು ನೋಡು. ಮೂಲೆ ಎದ್ದು ಅಲುಗಿದರೆ ಅಥವಾ ಟಚ್‌ಪ್ಯಾಡ್ ಉಬ್ಬಿದ್ದರೆ ಒಳಗಿನ ಬ್ಯಾಟರಿ ಊದಿರುವ ಸಾಧ್ಯತೆಯಿದೆ. ಊದಿದ ಲಿಥಿಯಂ ಬ್ಯಾಟರಿಗೆ ಬೆಂಕಿ ಹತ್ತಬಹುದಾದ್ದರಿಂದ ಅಲ್ಲಿ ಚೌಕಾಸಿಗೆ ನಿಲ್ಲದೆ ಎದ್ದು ಬಾ.

ಹಿಂಜ್, ಕೀಲಿಗಳು, ಕ್ಯಾಮೆರಾ, ಯುಎಸ್‌ಬಿ ಕಿಂಡಿಗಳನ್ನು ನೋಡುವುದು ನಿನಗೇ ತಿಳಿಯುತ್ತದೆ. ಆಟಕ್ಕೆಂದು ಮಾಡಿದ ಹಳೆಯ ಯಂತ್ರಗಳ ಹತ್ತಿರ ಮಾತ್ರ ಸುಳಿಯಬೇಡ. ಗ್ರಾಫಿಕ್ಸ್ ಕಾರ್ಡಿನ ಕಾವಿನಲ್ಲಿ ವರ್ಷಗಟ್ಟಲೆ ಬೆಂದಿರುತ್ತವೆ, ನಿನ್ನ ಸಿ ಮತ್ತು ಪೈಥಾನ್ ಕಲಿಕೆಗೆ ಆ ಕಾರ್ಡಿನ ಅಗತ್ಯವೂ ಇಲ್ಲ.

ಫ್ಯಾನಿನ ಸದ್ದನ್ನು ಮಾತ್ರ ನಾನೇ ಕೇಳಬೇಕು. ಬೇರಿಂಗ್ ಸವೆದಿದೆಯೋ, ಬರಿಯ ದೂಳು ಕುಳಿತಿದೆಯೋ ಎಂಬುದನ್ನು ನನ್ನ ಕಿವಿ ಹೇಳುತ್ತದೆ. ಭಾನುವಾರ ಬೆಳಗಿನ ರೈಲಿಗೆ ಹುಬ್ಬಳ್ಳಿಗೆ ಬರುತ್ತೇನೆ, ಸಣ್ಣ ಸ್ಕ್ರೂ ಡ್ರೈವರ್ ನನ್ನ ಹತ್ತಿರವೇ ಇರುತ್ತದೆ. ತಳ ಬಿಚ್ಚಲು ಅವರು ಬಿಡುತ್ತಾರೆಯೇ, ಸೀರಿಯಲ್ ನಂಬರ್ ಬರೆದ ಬಿಲ್ಲು ಮತ್ತು ಕನಿಷ್ಠ ಮೂರು ತಿಂಗಳ ವಾರಂಟಿ ಕೊಡುತ್ತಾರೆಯೇ ಎಂದು ಮೊದಲೇ ವಿಚಾರಿಸಿಡು. ಅಲ್ಲಿಯವರೆಗೆ ನೂರು ರೂಪಾಯಿಯನ್ನೂ ಮುಂಗಡವಾಗಿ ಕೊಡಬೇಡ.

ನಿನ್ನ
ಅಪ್ಪಾಜಿ