ಸ್ಮೋಕಿ ಬೆಟ್ಟಗಳಲ್ಲಿ ಕಾರು ಇಳಿದು ನೋಡಬೇಕಾದ್ದು

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ ಅಮೆರಿಕದ ಗ್ರೇಟ್ ಸ್ಮೋಕಿ ಮೌಂಟನ್ಸ್ ರಾಷ್ಟ್ರೀಯ ಉದ್ಯಾನದ ಬಗ್ಗೆ ಬಂದ ಪ್ರವಾಸ ಲೇಖನ ಓದಿದೆ. ಮಕ್ಕಳ ಮನೆಗೆಂದು ಅಮೆರಿಕಕ್ಕೆ ಹೋಗಿಬರುವ ನಮ್ಮಂಥ ಹಿರಿಯರಿಗೆ ಇಂಥ ಬರಹಗಳು ಬೇಕು. ಆದರೆ ಅಲ್ಲಿ ಪ್ರವೇಶ ಶುಲ್ಕವಿಲ್ಲ, ಕಾರಿನಲ್ಲೇ ಒಂದು ಸುತ್ತು ಹಾಕಿದರೆ ಅರ್ಧ ದಿನದಲ್ಲಿ ನೋಡಿ ಮುಗಿಸಬಹುದು ಎಂದು ಬರೆದದ್ದನ್ನು ಓದಿ ಸುಮ್ಮನಿರಲು ಮನಸ್ಸಾಗಲಿಲ್ಲ. ಹೋದ ಸೆಪ್ಟೆಂಬರಿನಲ್ಲಿ ಮಗಳು, ಅಳಿಯ, ಮೊಮ್ಮಗನ ಜೊತೆ ನಾಲ್ಕು ದಿನ ಅಲ್ಲಿದ್ದು ಬಂದವಳು ನಾನು. ನಾಲ್ಕು ದಿನವೂ ಸಾಲಲಿಲ್ಲ.

ಮೊದಲು ಶುಲ್ಕದ ಮಾತು. ಪ್ರವೇಶಕ್ಕೆ ದುಡ್ಡಿಲ್ಲ ಎನ್ನುವುದು ನಿಜ. ಬೆಟ್ಟ ಹತ್ತಿ ಇಳಿಯುವ ಮುಖ್ಯ ರಸ್ತೆಯನ್ನು ಟೆನೆಸ್ಸಿ ರಾಜ್ಯ ಕೇಂದ್ರ ಸರ್ಕಾರಕ್ಕೆ ಬಿಟ್ಟುಕೊಡುವಾಗಲೇ, ಇದರಲ್ಲಿ ಓಡಾಡುವವರಿಂದ ಸುಂಕ ಪಡೆಯಕೂಡದು ಎಂದು ಷರತ್ತು ಹಾಕಿತ್ತು. ಆದರೆ 2023ರ ಮಾರ್ಚಿನಿಂದ, ಹದಿನೈದು ನಿಮಿಷಕ್ಕಿಂತ ಹೆಚ್ಚು ಹೊತ್ತು ಕಾರು ನಿಲ್ಲಿಸುವವರು ಪಾರ್ಕಿಂಗ್ ಚೀಟಿ ಕೊಳ್ಳಲೇಬೇಕು. ದಿನಕ್ಕೆ 5 ಡಾಲರ್, ವಾರಕ್ಕೆ 15. ಲೇಖನದಲ್ಲಿ ಇದು ಬಿಟ್ಟುಹೋಗಿದೆ.

ನನಗೆ ಅದಕ್ಕಿಂತ ದೊಡ್ಡದಾಗಿ ಕಂಡದ್ದು ಬೇರೆ. ಅಮೆರಿಕದ ಪಶ್ಚಿಮ ಭಾಗದ ಹಳೆಯ ಉದ್ಯಾನಗಳಿಗೆ ಹೆಚ್ಚಾಗಿ ಸರ್ಕಾರದ ಜಮೀನೇ ಇತ್ತು. ಇಲ್ಲಿ ಹಾಗಲ್ಲ. ಮರದ ಕಂಪನಿಗಳಿಂದ, ಬೆಟ್ಟದ ರೈತರಿಂದ ಆರು ಸಾವಿರಕ್ಕೂ ಹೆಚ್ಚು ತುಂಡುಗಳಾಗಿ ನೆಲ ಕೊಳ್ಳಬೇಕಾಯಿತು. ಹಣ ಕೂಡಿಸಲು ಶಾಲೆಯ ಮಕ್ಕಳೂ ಪುಡಿಗಾಸು ಕೊಟ್ಟರು, ರಾಕೆಫೆಲರ್ ಮನೆತನದ ನಿಧಿ 50 ಲಕ್ಷ ಡಾಲರ್ ಕೊಟ್ಟಿತು. 1934ರಲ್ಲಿ ಉದ್ಯಾನವಾಯಿತು. ಕಾಡು ಉಳಿಯಿತು, ಕಡಿದು ಬೋಳಾಗಿದ್ದ ಬೆಟ್ಟಗಳು ಮತ್ತೆ ಹಸಿರಾದವು. ಅದಕ್ಕಾಗಿ ಸಾವಿರಕ್ಕೂ ಹೆಚ್ಚು ಭೂಮಾಲೀಕರು ಮನೆ, ಹೊಲ, ಹಿರಿಯರ ಸಮಾಧಿ ಬಿಟ್ಟು ಹೊರಟರು. ಇಂದು ವರ್ಷಕ್ಕೆ ಒಂದು ಕೋಟಿಗೂ ಮೀರಿ ಬರುವ ಪ್ರವಾಸಿಗರು ಓಡಾಡುವುದು ಅವರ ಗದ್ದೆ ಬಯಲುಗಳಲ್ಲೇ.

ಇದೆಲ್ಲ ನನಗೆ ಅರ್ಥವಾದದ್ದು ವಾಕರ್ ಸಹೋದರಿಯರ ಮನೆಗೆ ನಡೆದುಹೋದಾಗ. ಮೆಟ್ಕಾಫ್ ಬಾಟಮ್ಸ್ ಎಂಬಲ್ಲಿ ಹೊಳೆ ದಾಟಿ ಕಾಲುದಾರಿ ಹಿಡಿದರೆ ಮೊದಲು ಸಿಗುವುದು 1882ರಲ್ಲಿ ಕಟ್ಟಿದ ಲಿಟಲ್ ಗ್ರೀನ್‌ಬ್ರಿಯರ್ ಶಾಲೆ. ಒಂದೇ ಕೋಣೆ, ದಿಮ್ಮಿಯ ಗೋಡೆ, ಪಕ್ಕದಲ್ಲೇ ಸಮಾಧಿಗಳು. ಮೂವತ್ತು ವರ್ಷ ಪಾಠ ಮಾಡಿದ ನನಗೆ ಅಲ್ಲಿಂದ ಬೇಗ ಕಾಲು ಕೀಳಲಾಗಲಿಲ್ಲ. ಅಲ್ಲಿಂದ ಇನ್ನೂ ಒಂದು ಮೈಲಿಗೂ ಸ್ವಲ್ಪ ಹೆಚ್ಚು ನಡೆದರೆ ಆ ಮನೆ. ಏರು ಕಡಿಮೆ, ನನ್ನ ಮಂಡಿಯೂ ತಕರಾರು ಮಾಡಲಿಲ್ಲ.

ಆ ಮನೆಯಲ್ಲಿದ್ದ ಐವರು ಅಕ್ಕತಂಗಿಯರು ಊರೆಲ್ಲ ಖಾಲಿಯಾದರೂ ಜಾಗ ಬಿಡಲಿಲ್ಲ. ಕೊನೆಗೆ 4,750 ಡಾಲರಿಗೆ ಜಮೀನು ಕೊಟ್ಟರು, ಆದರೆ ಬದುಕಿರುವವರೆಗೂ ಅಲ್ಲೇ ಇರುತ್ತೇವೆ ಎಂಬ ಷರತ್ತಿನ ಮೇಲೆ. ಉದ್ಯಾನದ ನಿಯಮ ಬಂದ ಮೇಲೆ ಬೇಟೆ, ಮೀನು ಹಿಡಿಯುವುದು, ಮರ ಕಡಿಯುವುದು ಎಲ್ಲಕ್ಕೂ ತಡೆ ಬಿತ್ತು. ತಾವೇ ನೂತು, ತಾವೇ ಬೆಳೆದು ಬದುಕುತ್ತಿದ್ದ ಇವರ ಬಗ್ಗೆ 1946ರಲ್ಲಿ ಒಂದು ದೊಡ್ಡ ವಾರಪತ್ರಿಕೆ ಬರೆಯಿತು. ಜನ ಹುಡುಕಿಕೊಂಡು ಬರತೊಡಗಿದರು. ಅವರೂ ಬಂದವರನ್ನು ಕೂರಿಸಿ ಮಾತಾಡಿಸಿದರು, ತಾವು ಮಾಡಿದ ಸಣ್ಣಪುಟ್ಟ ವಸ್ತುಗಳನ್ನು ಮಾರಿದರು. ಲೂಯಿಸಾ ಎಂಬಾಕೆ ಕವಿತೆ ಬರೆದು ಕೊಡುತ್ತಿದ್ದಳು. 1953ರ ಹೊತ್ತಿಗೆ ಉಳಿದವರು ಇಬ್ಬರೇ. ವಯಸ್ಸಾಗಿದೆ, ಮನೆಗೆಲಸವನ್ನೂ ಬಂದವರನ್ನೂ ಒಟ್ಟಿಗೆ ನೋಡಿಕೊಳ್ಳಲು ಆಗುತ್ತಿಲ್ಲ, ಪ್ರವಾಸಿಗರಿಗೆ ಸ್ವಾಗತ ಎಂಬ ಆ ಫಲಕ ತೆಗೆಸಿಬಿಡಿ ಎಂದು ಉದ್ಯಾನದ ಮುಖ್ಯಾಧಿಕಾರಿಗೆ ಪತ್ರ ಬರೆದರು. ಲೂಯಿಸಾ ತೀರಿಕೊಂಡದ್ದು 1964ರಲ್ಲಿ. ಪತ್ರಿಕೆಯೊಂದರ ಬರಹ ಒಂದು ಮನೆಯ ಅಂಗಳವನ್ನು ಹೇಗೆ ಬದಲಿಸಬಲ್ಲದು ಎಂಬುದು ತಮಗೆ ಗೊತ್ತಿರುವುದರಿಂದಲೇ ಇದನ್ನು ಇಷ್ಟು ವಿವರವಾಗಿ ಬರೆದೆ.

ಈಗ ಆ ಮನೆಯಲ್ಲಿ ಯಾರೂ ಇಲ್ಲ. ಒಳಗೆ ಕಾಲಿಟ್ಟಾಗ ಕಂಡದ್ದು ಗೋಡೆಯ ತುಂಬ ಹೆಸರುಗಳು. ನೂರು ವರ್ಷ ಮೀರಿದ ದಿಮ್ಮಿ ಬೂದು ಬಣ್ಣಕ್ಕೆ ತಿರುಗಿದೆ. ಚಾಕು ತಾಗಿದ ಕಡೆ ಮಾತ್ರ ಒಳಗಿನ ತಿಳಿಹಳದಿ ಮರ ಗಾಯದ ಹಾಗೆ ಕಾಣುತ್ತದೆ. ಒಂದು ಹೃದಯದ ಗುರುತು, ಎರಡು ಅಕ್ಷರ, ಕೆಳಗೆ ನಾವು ಹೋದ ವರ್ಷದ್ದೇ ಇಸವಿ. ಕೆತ್ತಿದ ಮರದ ಪುಡಿ ಇನ್ನೂ ನೆಲದ ಹಲಗೆಯ ಸಂದಿನಲ್ಲಿತ್ತು. ಬೆರಳಿನಿಂದ ಮುಟ್ಟಿ ನೋಡಿದೆ, ಹೊಟ್ಟೆ ಉರಿಯಿತು. ಈ ಉದ್ಯಾನದಲ್ಲಿ ತೊಂಬತ್ತಕ್ಕೂ ಹೆಚ್ಚು ಹಳೆಯ ಕಟ್ಟಡಗಳನ್ನು ಕಾಪಾಡಿಕೊಂಡು ಬಂದಿದ್ದಾರೆ. ಒಂದು ದಿಮ್ಮಿ ಹಾಳಾದರೆ ಅದೇ ಜಾತಿಯ, ಅದೇ ದಪ್ಪದ ಮರ ಹುಡುಕಿ, ಹಳೆಯ ಕ್ರಮದಲ್ಲೇ ಕೊಡಲಿಯಿಂದ ಸವರಿ ಕೂರಿಸಬೇಕು. ಮಕ್ಕಳನ್ನು ಕರೆದುಕೊಂಡು ಹೋಗುವವರಿಗೆ ಹೊರಡುವ ಮೊದಲೇ ಹಳೆಯ ಗೋಡೆಗಳ ಮೇಲೆ ಹೆಸರು ಕೆತ್ತಬಾರದು ಎಂಬ ಒಂದು ಮಾತು ಹೇಳಿಕೊಡಿ ಎಂದು ಪುರವಣಿಯಲ್ಲಿ ಅಚ್ಚಾಗಲಿ.

ಹೊಳೆಯ ಬಗ್ಗೆಯೂ ಹೇಳಬೇಕು. ಲೇಖನದ ಒಂದು ಫೋಟೋದಲ್ಲಿ ನೀರಿನ ನಡುವೆ ಕಲ್ಲಿನ ಮೇಲೆ ಕಲ್ಲಿಟ್ಟ ಗೋಪುರ ಇತ್ತು, ನೋಡಲು ಚೆಂದ. ನನ್ನ ಮೊಮ್ಮಗನೂ ಹಾಗೇ ಪೇರಿಸುತ್ತಿದ್ದಾಗ ಅಲ್ಲಿನ ಸ್ವಯಂಸೇವಕಿಯೊಬ್ಬರು ಬಂದು ಪಕ್ಕದಲ್ಲಿ ಕೂತರು. ಈ ಬೆಟ್ಟಗಳಲ್ಲಿ ಮೂವತ್ತು ಜಾತಿಯ ಸಲಮಾಂಡರ್‌ಗಳಿವೆ, ನೋಡಲು ಹಲ್ಲಿಯಂತೆ, ಬಾಳ್ವೆ ಕಪ್ಪೆಯಂತೆ. ಅವುಗಳಲ್ಲಿ ಹೆಲ್‌ಬೆಂಡರ್ ಎಂಬ ದೊಡ್ಡದು ಎರಡಡಿ ಮೀರಿ ಬೆಳೆಯುತ್ತದೆ. ಅದು ಮೊಟ್ಟೆ ಇಡುವುದು ಹೊಳೆಯ ಚಪ್ಪಟೆ ಕಲ್ಲುಗಳ ಕೆಳಗೆ, ಅದೂ ಸೆಪ್ಟೆಂಬರ್ ಸುಮಾರಿಗೇ. ನೀನು ಎತ್ತಿದ ಕಲ್ಲು ಯಾರದೋ ಮನೆಯ ಸೂರಾಗಿರಬಹುದು ಎಂದರು. ಹುಡುಗ ಎಲ್ಲ ಕಲ್ಲನ್ನೂ ಮೆಲ್ಲಗೆ ನೀರಿಗಿಳಿಸಿದ. ಸಂಜೆಯವರೆಗೂ ಅವನಿಗೆ ಅದೇ ಧ್ಯಾನ.

ಕೇಡ್ಸ್ ಕೋವ್ ಕಣಿವೆಯ ಹನ್ನೊಂದು ಮೈಲಿಯ ಸುತ್ತುರಸ್ತೆಯನ್ನು ಲೇಖಕರು ಕಾರಿನಲ್ಲಿ ಮುಗಿಸಿದ್ದಾರೆ. ಮೇ ತಿಂಗಳಿಂದ ಸೆಪ್ಟೆಂಬರ್ ಕೊನೆಯವರೆಗೆ ಬುಧವಾರ ಆ ರಸ್ತೆಗೆ ವಾಹನ ಬಿಡುವುದಿಲ್ಲ. ನಡೆಯುವವರಿಗೆ, ಸೈಕಲ್ಲಿನವರಿಗೆ ಮಾತ್ರ. ಮಗಳು ಅಳಿಯ ಸೈಕಲ್ ಹತ್ತಿದರು, ನಾನು ಮೊದಲ ಎರಡು ಚರ್ಚುಗಳವರೆಗೆ ನಡೆದೆ. ವಾಹನದ ಹೊಗೆಯೂ ಸದ್ದೂ ಇಲ್ಲದ ಆ ಬೆಳಿಗ್ಗೆ ಬಯಲಿನಾಚೆ ಕರಡಿಯೊಂದು ಮರಿಯ ಜೊತೆ ಕಾಡಂಚಿಗೆ ಸರಿದದ್ದು ಕಂಡಿತು. ಕರಡಿಯಿಂದ ಕನಿಷ್ಠ ಐವತ್ತು ಗಜ ದೂರವಿರಬೇಕೆಂಬುದು ಅಲ್ಲಿಯ ಕಾನೂನು.

ಅತಿ ಎತ್ತರದ ಶಿಖರವನ್ನು ಲೇಖನ ಕ್ಲಿಂಗ್‌ಮನ್ಸ್ ಡೋಮ್ ಎಂದೇ ಕರೆದಿದೆ. 6,643 ಅಡಿಯ ಆ ಶಿಖರಕ್ಕೆ 2024ರ ಸೆಪ್ಟೆಂಬರಿನಲ್ಲಿ ಅಲ್ಲಿಯ ಮೂಲನಿವಾಸಿಗಳಾದ ಚೆರೋಕಿ ಜನರ ಹಳೆಯ ಹೆಸರು ಮರಳಿ ಬಂದಿದೆ: ಕುವೋಹಿ, ಅಂದರೆ ಹಿಪ್ಪುನೇರಳೆಯ ಜಾಗ. ಚೆರೋಕಿ ಜನ ಕೇಳಿ ಪಡೆದ ಹೆಸರು ಅದು, ನಾವೂ ಅದನ್ನೇ ಬಳಸೋಣ.

ಕೊನೆಗೆ, ಲೇಖನದ ಜೊತೆ ಅಚ್ಚಾದ ದೊಡ್ಡ ಚಿತ್ರದ ಕೆಳಗೆ 'ಕಣಿವೆಯ ಹಳೆಯ ಮನೆಯೊಂದು' ಎಂದಷ್ಟೇ ಇದೆ. ಅದು ಕೇಡ್ಸ್ ಕೋವ್ ಕಣಿವೆಯ ಜಾನ್ ಆಲಿವರ್ ಮನೆ. 1818ರಲ್ಲಿ ಜಾನ್ ಮತ್ತು ಲುಕ್ರೀಷಿಯಾ ದಂಪತಿ ಈ ಕಣಿವೆಗೆ ಬಂದರು. ಮೊದಲ ಚಳಿಗಾಲ ಹಸಿವಿನಿಂದ ಸಾಯುವ ಹಾಗಾದಾಗ ಚೆರೋಕಿ ಜನ ಒಣಗಿಸಿದ ಕುಂಬಳಕಾಯಿ ಕೊಟ್ಟು ಉಳಿಸಿದರೆಂದು ಆ ಮನೆತನದವರು ಹೇಳಿಕೊಂಡು ಬಂದಿದ್ದಾರೆ. ಇಪ್ಪತ್ತು ವರ್ಷ ಕಳೆಯುವಷ್ಟರಲ್ಲಿ, 1838ರಲ್ಲಿ, ಸೈನ್ಯ ಚೆರೋಕಿಗಳನ್ನು ಪಶ್ಚಿಮಕ್ಕೆ ಅಟ್ಟಿತು, ದಾರಿಯಲ್ಲಿ ಸಾವಿರಾರು ಜನ ಸತ್ತರು. ಇನ್ನೂ ನೂರು ವರ್ಷಕ್ಕೆ ಆಲಿವರ್ ದಂಪತಿಯ ಮರಿಮಗ ಇದೇ ನೆಲ ಉಳಿಸಿಕೊಳ್ಳಲು ಉದ್ಯಾನದ ವಿರುದ್ಧ ಕೋರ್ಟಿಗೆ ಹೋಗಿ ಸೋತು, 1937ರ ಕ್ರಿಸ್‌ಮಸ್ ದಿನ ಕಣಿವೆ ಬಿಟ್ಟ. ಮತ್ತೊಮ್ಮೆ ಆ ಚಿತ್ರ ಬಳಸುವಾಗ ದಯವಿಟ್ಟು ಕೆಳಗೆ ಅವರ ಹೆಸರು ಹಾಕಿ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಶಾಲಾ ಶಿಕ್ಷಕಿ